ಅಮ್ಮಾ ಎಂದು ಕರೆಯುವ ಮುನ್ನ

ಕಮ್ಯೂನಿಟಿ ಕಾಲೇಜಿಗೆ ಸೇರಿದ ಮೊದಲ ವಾರ ಅಕ್ಕನಿಗೆ ಫೋನು ಮಾಡಿ, ಈ ಸಲ ನನಗೆ ‘ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವುದು ಹೇಗೆ’ ಅಂತ ಒಂದು ಪೂರಾ ಪಾಠವೇ ಇದೆ ಎಂದೆ. ಅಕ್ಕ ಒಂದು ಗಳಿಗೆ ಸುಮ್ಮನಿದ್ದು, “ಅದ್ಕೂ ದುಡ್ಡು ಕಟ್ಟಿದ್ದೀಯಾ?” ಎಂದಳು. ಕಟ್ಟಿದ್ದೆ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್ಟಿಗೆ 46 ಡಾಲರ್. ಮೂರು ಯೂನಿಟ್ಟಿನ ಪಾಠಕ್ಕೆ 138 ಡಾಲರ್. ಅಕ್ಕ ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಅಂಗನವಾಡಿ ಟೀಚರ್. “ನಮ್ಮ ಅಂಗನವಾಡಿ ಬಾಗ್ಲಲ್ಲಿ ಒಂದು ವಾರ ಬಂದು ಕೂತ್ಕೊ ಕಣೆ. ಊರಿನ ಹೆಂಗಸ್ರೆಲ್ಲ ಬಂದು ಹೇಳ್ಕೋತಾರೆ. ಬಿಟ್ಟಿಯಾಗೇ ಕಲ್ತ್ಕೋಬೋದು” ಎಂದು ನಕ್ಕಳು.

ನಾನೂ ನಕ್ಕೆ. ಆದರೆ ಅವತ್ತು ಅವಳು ಕೇಳಿದ ಪ್ರಶ್ನೆ ನನ್ನನ್ನು ಎರಡು ವರ್ಷ ಬಿಡಲಿಲ್ಲ. ದುಡ್ಡು ಕಟ್ಟಿ ಕಲಿತು, ದುಡ್ಡು ಪಡೆದು ಮಾಡುವ ಕರುಣೆ ಕರುಣೆಯೇ?

ಸೇವಾ ಮನೋಭಾವದಿಂದ ಸೇರಿದೆ ಎಂದರೆ ಸುಳ್ಳಾಗುತ್ತದೆ. ನನಗೆ ಕೆಲಸ ಬೇಕಿತ್ತು. ಗಂಡನ ವೀಸಾದ ನೆರಳಿನಲ್ಲಿ ಇಲ್ಲಿಗೆ ಬಂದ ನನ್ನಂಥವರಲ್ಲಿ ಕೆಲವರಿಗೆ 2015ರ ಮೇ ತಿಂಗಳಿಂದ ದುಡಿಯುವ ಅನುಮತಿ ಸಿಗತೊಡಗಿತು. ನನ್ನ ಸರದಿ ಬಂದಾಗ ಅನುಮತಿಯ ಕಾರ್ಡು ಕೈಗೆ ಬಂತು, ಕೆಲಸ ಬರಲಿಲ್ಲ. ಮೈಸೂರಿನ ಹಳೆಯ ಬಿ.ಕಾಂ. ಪದವಿಯನ್ನು ಯಾರೂ ಕೇಳಲಿಲ್ಲ. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದ್ದ ಕಾಲೇಜಿನ ಕೋರ್ಸುಗಳ ಪಟ್ಟಿಯಲ್ಲಿ ‘ಹ್ಯೂಮನ್ ಸರ್ವಿಸಸ್’ ಎಂಬುದರ ಪಕ್ಕ ‘ಬೇಗ ಕೆಲಸ ಸಿಗುವ ಕ್ಷೇತ್ರ’ ಎಂದಿತ್ತು. ಅಷ್ಟೇ ನೋಡಿ ಸೇರಿಕೊಂಡೆ.

ಈ ಹೆಸರನ್ನು ಕನ್ನಡಕ್ಕೆ ತಂದರೆ ‘ಮಾನವ ಸೇವೆ’ ಎಂದಾಗಿ ಯಾವುದೋ ಮಠದ ಟ್ರಸ್ಟಿನ ಹೆಸರಿನಂತೆ ಕೇಳುತ್ತದೆ. ವಾಸ್ತವದಲ್ಲಿ ಅದು ಬಹಳ ನೆಲದ ಮೇಲಿನ ಕೆಲಸ. ಮನೆಯಿಲ್ಲದವರ ಆಶ್ರಯತಾಣದಲ್ಲಿ ರಾತ್ರಿ ಪಾಳಿ, ಕುಡಿತ ಬಿಡಿಸುವ ಕೇಂದ್ರದಲ್ಲಿ ಹಾಜರಿ, ಮುದುಕರ ಹಗಲು ಆರೈಕೆ ಕೇಂದ್ರದಲ್ಲಿ ಊಟದ ಮೇಲ್ವಿಚಾರಣೆ, ಆಹಾರದ ಕೂಪನ್ನಿಗೆ ಅರ್ಜಿ ತುಂಬಿಸುವುದು, ಕೋರ್ಟಿಗೆ ಜೊತೆಯಲ್ಲಿ ಹೋಗುವುದು. ಸ್ನಾತಕೋತ್ತರ ಪದವಿ ಪಡೆದ ಸೋಷಿಯಲ್ ವರ್ಕರ್ ಮೇಲೆ ಕುಳಿತು ಯೋಜನೆ ಹಾಕುತ್ತಾರೆ. ಕೆಳಗೆ ನಿಂತು ಅದನ್ನು ನಡೆಸುವವರು ನಾವು.

ಇದಕ್ಕೊಂದು ಚರಿತ್ರೆಯಿದೆ, ನನಗೆ ಇಷ್ಟವಾದ ಚರಿತ್ರೆ. ಅಮೆರಿಕದ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು 1901ರಲ್ಲಿ ಇಲಿನಾಯ್‌ನ ಜೋಲಿಯೆಟ್ ಊರಿನಲ್ಲಿ ಶುರುವಾಯಿತು. ಹದಿನೆಂಟು ತುಂಬಿದ ಯಾರನ್ನೂ ವಾಪಸು ಕಳಿಸದ ಕಾಲೇಜುಗಳು ಎಂಬ ಅರ್ಥ ಅವುಗಳಿಗೆ ಬಂದದ್ದು ಆಮೇಲೆ. 1963ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾನೂನೊಂದು ದೊಡ್ಡ ಮಾನಸಿಕ ಆಸ್ಪತ್ರೆಗಳ ಬದಲು ಊರೂರಲ್ಲಿ ಸಣ್ಣ ಕೇಂದ್ರಗಳಾಗಬೇಕು ಎಂದಿತು. ಅಷ್ಟು ಕೇಂದ್ರಗಳಿಗೆ ಡಾಕ್ಟರುಗಳನ್ನು ಎಲ್ಲಿಂದ ತರುವುದು? 1965ರಲ್ಲಿ ಆರ್ಥರ್ ಪರ್ಲ್ ಮತ್ತು ಫ್ರ್ಯಾಂಕ್ ರೀಸ್ಮನ್ ಎಂಬಿಬ್ಬರು ‘ನ್ಯೂ ಕೆರಿಯರ್ಸ್ ಫಾರ್ ದ ಪೂರ್’ ಎಂಬ ಪುಸ್ತಕ ತಂದರು. ಬಡವರಿಗೆ ಸಹಾಯ ಹಂಚುವ ಬದಲು, ಸಹಾಯ ಮಾಡುವ ಕೆಲಸವನ್ನೇ ಬಡವರಿಗೆ ಕೊಡಿ ಎಂಬುದು ಅವರ ವಾದದ ಸಾರ. ಕಷ್ಟ ಕಂಡವನಿಗೆ ಕಷ್ಟದ ಭಾಷೆ ಗೊತ್ತಿರುತ್ತದೆ. ಜೊತೆಗೆ, ಸಹಾಯ ಮಾಡುವವನಿಗೇ ಆ ಕೆಲಸದಿಂದ ಹೆಚ್ಚು ಗುಣವಾಗುತ್ತದೆ ಎಂದೂ ರೀಸ್ಮನ್ ಬರೆದರು. ನನ್ನ ತರಗತಿಯನ್ನು ನೋಡಿದರೆ ಆ ಪುಸ್ತಕ ಎದ್ದು ಬಂದು ಬೆಂಚಿನ ಮೇಲೆ ಕುಳಿತಂತಿತ್ತು. ನನ್ನ ಎಡಕ್ಕೆ ಹನ್ನೊಂದು ವರ್ಷ ಜೈಲಿನಲ್ಲಿದ್ದು ಬಂದವರು. ಬಲಕ್ಕೆ, ಮಾದಕ ವಸ್ತು ಬಿಟ್ಟು ನಾಲ್ಕು ವರ್ಷವಾಗಿದ್ದ ಒಬ್ಬ ಅಜ್ಜಿ, ಮೊಮ್ಮಕ್ಕಳನ್ನು ಕೋರ್ಟಿನಿಂದ ಹಿಂದಕ್ಕೆ ಪಡೆದವರು. ನಡುವೆ ಬಿ.ಕಾಂ. ಓದಿದ ನಾನು. ಅವರೆದುರು ನನಗಿದ್ದ ಅರ್ಹತೆ ಕಡಿಮೆಯೇ.

ಸಂಬಳದ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಿದಾಗ ಉತ್ತರ ಕೊಟ್ಟದ್ದು ಜೈಲಿನಿಂದ ಬಂದವರೇ. “ಅಲ್ಲಿ ವಾರಕ್ಕೊಮ್ಮೆ ಪುಣ್ಯಕ್ಕೆ ಅಂತ ಬರುತ್ತಿದ್ದವರು ಮಳೆ ಬಂದರೆ ಬರುತ್ತಿರಲಿಲ್ಲ. ಸಂಬಳದವರು ಬರುತ್ತಿದ್ದರು” ಎಂದರು. ನನಗೆ ತಟ್ಟನೆ ನೆನಪಾದದ್ದು ಅಕ್ಕ. ಅವಳಿಗೆ ಬರುವುದು ಸಂಬಳವಲ್ಲ, ‘ಗೌರವಧನ’. ಕರ್ನಾಟಕದಲ್ಲಿ ಅಂಗನವಾಡಿ ಮೊದಲು ಶುರುವಾದದ್ದೇ ನಮ್ಮ ಟಿ. ನರಸೀಪುರದಲ್ಲಿ, 1975ರಲ್ಲಿ. ಅಂದಿನಿಂದ ಇಂದಿನವರೆಗೆ ಆ ಹೆಂಗಸರನ್ನು ನೌಕರರು ಎನ್ನದೆ ಗೌರವ ಸೇವೆಯವರು ಎಂದೇ ಸರ್ಕಾರ ಲೆಕ್ಕ ಹಿಡಿದಿದೆ. 2005ರಲ್ಲಿ ಬಂದ ಆಶಾ ಯೋಜನೆಯ ಕಾರ್ಯಕರ್ತೆಯರದೂ ಅದೇ ಕತೆ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕು ಎನ್ನಿಸಿಕೊಳ್ಳಲು 2022ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗುಲಾಬಿ ಸೀರೆಯವರು ಬಿಸಿಲಲ್ಲಿ ಕುಳಿತಿರುವ ಚಿತ್ರ ನೋಡಿದಾಗಲೆಲ್ಲ ನನಗನ್ನಿಸುತ್ತದೆ: ‘ಸೇವೆ’ ಎಂಬ ಪದದ ಮೇಲೆ ಇಷ್ಟು ಗಂಧ ಪೂಸಿರುವುದು ಕೂಲಿ ಕೊಡುವುದನ್ನು ತಪ್ಪಿಸಲಿಕ್ಕೇ ಇರಬೇಕು. ಗೌರವ ಕೊಟ್ಟವರು ಧನ ಕೊಡಲಿಲ್ಲ, ಧನ ಕೇಳಿದಾಗ ಗೌರವವನ್ನೂ ಕೊಡಲಿಲ್ಲ.

ನಮ್ಮ ಶರಣರಿಗೆ ಈ ವಿಷಯದಲ್ಲಿ ಮುಜುಗರವಿರಲಿಲ್ಲ. ಕಾಯಕವೆಂದರೆ ದುಡಿದು ಪಡೆಯುವುದು. ಆಯ್ದಕ್ಕಿ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಡೆದದ್ದು ಅಕ್ಕಿ ತಂದದ್ದಕ್ಕಲ್ಲ, ಹೆಚ್ಚಿಗೆ ತಂದದ್ದಕ್ಕೆ. ಆ ಹೆಚ್ಚಿನದನ್ನು ಸುರಿದು ಬಾ ಎಂದು ಕಳಿಸಿದಳು. ಕೂಲಿ ಮೈಲಿಗೆಯಲ್ಲ, ನಮ್ಮದಲ್ಲದ್ದನ್ನು ತೆಗೆದುಕೊಳ್ಳುವುದು ಮೈಲಿಗೆ. ಈ ಕತೆಯನ್ನು ಆಗ ನಾನು ಅಕ್ಕಿಗಷ್ಟೇ ಅನ್ವಯಿಸಿಕೊಂಡಿದ್ದೆ.

ಸರಿ, ಸಂಬಳದ ಪ್ರಶ್ನೆ ನನ್ನ ಪಾಲಿಗೆ ಮುಗಿಯಿತು ಎಂದುಕೊಂಡೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರಲ್ಲಿ ಬರೆದ ‘ದ ಮ್ಯಾನೇಜ್ಡ್ ಹಾರ್ಟ್’ ಅದನ್ನು ಮತ್ತೆ ತೆರೆಯಿತು. ವಿಮಾನದ ಗಗನಸಖಿಯರನ್ನು ಹತ್ತಿರದಿಂದ ಗಮನಿಸಿದ ಆಕೆ, ಇವರು ಮಾರುತ್ತಿರುವುದು ನಗುವನ್ನು, ನಗುವಿನ ಹಿಂದಿನ ಭಾವವನ್ನೇ ಎಂದರು. ಭಾವವನ್ನು ಕೆಲಸಕ್ಕೆ ಹಚ್ಚಿದರೆ ಮನೆಗೆ ಬಂದ ಮೇಲೆ ಯಾವುದು ನನ್ನದು, ಯಾವುದು ಕಂಪನಿಯದು ಎಂಬ ಗೊಂದಲ ಹುಟ್ಟುತ್ತದೆ. ನಮ್ಮ ಪಾಠದಲ್ಲೂ ಇದನ್ನೇ ಅಭ್ಯಾಸ ಮಾಡಿಸುತ್ತಿದ್ದರು. ಇಬ್ಬಿಬ್ಬರು ಎದುರುಬದುರು ಕೂರುವುದು, ಒಬ್ಬರು ಹೇಳುವುದು, ಇನ್ನೊಬ್ಬರು ಬುದ್ಧಿ ಹೇಳದೆ, ತಮ್ಮ ಕತೆ ತರದೆ, ‘ನನಗೆ ಅರ್ಥವಾಗುತ್ತೆ’ ಎಂದೂ ಅನ್ನದೆ ಕೇಳುವುದು. ಹತ್ತು ನಿಮಿಷ. ಮಾಡಿ ನೋಡಿ, ಬೆವರು ಬರುತ್ತದೆ. ಒಂದೇ ನಿಮಿಷಕ್ಕೆ ನನ್ನ ಬಾಯಿ ‘ಹೋಗಲಿ ಬಿಡಿ, ಎಲ್ಲ ಸರಿಹೋಗುತ್ತೆ’ ಎನ್ನಲು ಹವಣಿಸುತ್ತಿತ್ತು. ನಮ್ಮ ಕಡೆ ಸಮಾಧಾನ ಹೇಳುವುದೆಂದರೆ ಎಷ್ಟೋ ಸಲ ಎದುರಿನವರ ಬಾಯಿ ಮುಚ್ಚಿಸುವುದೇ ಎಂದು ತಿಳಿದದ್ದು ಆ 138 ಡಾಲರಿನ ಪಾಠದಲ್ಲಿ. ಅಕ್ಕನಿಗೆ ಇದನ್ನು ಹೇಳಲಿಲ್ಲ.

ಗಡಿಗಳ ಪಾಠವೂ ಇತ್ತು. ಕಕ್ಷಿದಾರರಿಂದ ಉಡುಗೊರೆ ಪಡೆಯಬಾರದು, ಸ್ವಂತ ಫೋನ್ ನಂಬರು ಕೊಡಬಾರದು, ಸಾಲದ ಮಾತು ಬೇಡ, ಸ್ನೇಹ ಬೇರೆ ಕೆಲಸ ಬೇರೆ. ನಾನು ಕೈಯೆತ್ತಿ, ನಮ್ಮ ಭಾಷೆಯಲ್ಲಿ ವಯಸ್ಸಾದ ಹೆಂಗಸನ್ನು ಹೆಸರಿಟ್ಟು ಕರೆಯುವ ಹಾಗಿಲ್ಲ, ‘ಅಮ್ಮ’ ಎನ್ನಲೇಬೇಕು, ಅದು ಗಡಿ ದಾಟಿದಂತೆಯೇ ಎಂದು ಕೇಳಿದೆ. ಮೇಡಂ ಯೋಚಿಸಿ, “ಕರೆಯಿರಿ. ಆದರೆ ಆ ಪದ ಅವರಿಗೆ ಏನನ್ನು ಭರವಸೆ ಕೊಡುತ್ತಿದೆ ಎಂಬುದು ನಿಮಗೆ ಗೊತ್ತಿರಲಿ” ಎಂದರು. ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಪರೀಕ್ಷೆಗೆ ಬರಲಿಲ್ಲ.

ಎರಡನೆಯ ವರ್ಷ ತರಬೇತಿಗೆಂದು ನನ್ನನ್ನು ಹಾಕಿದ್ದು ಮುದುಕರ ಹಗಲು ಆರೈಕೆ ಕೇಂದ್ರವೊಂದಕ್ಕೆ. ಅಲ್ಲೊಬ್ಬರು ಕನ್ನಡದ ಅಮ್ಮ ಬರುತ್ತಿದ್ದರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಮಲೆನಾಡಿನ ಕಡೆಯವರು. ಒಂಟಿಯಾಗಿದ್ದಾಗ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಮಗ ಅವರನ್ನು ಇಲ್ಲಿಗೆ ಸೇರಿಸಿದ್ದರು. ಬೇರೆ ಯಾರ ಜೊತೆಗೂ ಅವರಿಗೆ ಮಾತಿರಲಿಲ್ಲ, ಇಂಗ್ಲಿಷ್ ಬಾರದು. ಇಡೀ ಬೆಳಿಗ್ಗೆ ಕಿಟಕಿಯ ಪಕ್ಕ ಕುಳಿತು ಕೈಚೌಕದ ಅಂಚನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದರು. ಮೊದಲ ದಿನವೇ ಹೋಗಿ “ಅಮ್ಮಾ, ಊಟ ಆಯ್ತಾ?” ಎಂದೆ. ಅವರ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಮರೆಯಲಾರೆ. ಎರಡು ಕೈಯಲ್ಲೂ ನನ್ನ ಕೈ ಹಿಡಿದು, “ಯಾವೂರಾತು ಮಗಾ?” ಎಂದರು.

ಹೊಸದಾಗಿ ಬಂದವರೊಡನೆ ಮಾತು ಶುರುಮಾಡುವ ಮುನ್ನ ನಾವು ಹೇಳಲೇಬೇಕಾದ ಒಂದು ಮಾತಿದೆ. ನೀವು ಹೇಳುವುದು ನನ್ನಲ್ಲೇ ಇರುತ್ತದೆ, ಆದರೆ ನಿಮಗೆ ಯಾರಾದರೂ ಹಾನಿ ಮಾಡುತ್ತಿದ್ದಾರೆ ಎಂದು ತಿಳಿದರೆ, ನೀವು ಇನ್ನೊಬ್ಬರಿಗೆ ಹಾನಿ ಮಾಡುವಿರಿ ಎಂದು ತಿಳಿದರೆ, ನಾನು ಮುಚ್ಚಿಡುವಂತಿಲ್ಲ. ಇದರ ಹಿಂದೆ ರಕ್ತದ ಕತೆಗಳಿವೆ. 1969ರಲ್ಲಿ ಬರ್ಕ್‌ಲಿಯಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿಯೊಬ್ಬ, ತಾನು ಒಬ್ಬ ಹುಡುಗಿಯನ್ನು ಕೊಲ್ಲುವುದಾಗಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಿಗೆ ಹೇಳಿದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು, ಪೊಲೀಸರು ವಿಚಾರಿಸಿ ಬಿಟ್ಟರು. ಹುಡುಗಿಗೆ, ಅವಳ ಮನೆಯವರಿಗೆ ಯಾರೂ ಹೇಳಲಿಲ್ಲ. ಅವನು ಕೊಂದ. ತರಾಸಾಫ್ ಪ್ರಕರಣ ಎಂದೇ ಹೆಸರಾದ ಇದರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1976ರಲ್ಲಿ, ಗುಟ್ಟು ಕಾಯುವುದಕ್ಕಿಂತ ಅಪಾಯದಲ್ಲಿರುವವರನ್ನು ಕಾಯುವ ಹೊಣೆ ದೊಡ್ಡದು ಎಂಬ ತೀರ್ಪು ಕೊಟ್ಟಿತು. ಮುದುಕರ ವಿಷಯದಲ್ಲಿ ಈ ರಾಜ್ಯದ ಕಾನೂನು ಇನ್ನೂ ಬಿಗಿ. ಆರೈಕೆಯ ಕೆಲಸದಲ್ಲಿರುವವರು ಹೊಡೆತ, ಹಣದ ಮೋಸ, ಒಂಟಿಯಾಗಿ ಕೂಡಿಹಾಕುವುದು, ಇವುಗಳ ಸಂಶಯ ಬಂದರೂ ಕೂಡಲೇ ಫೋನಿನಲ್ಲಿ ವರದಿ ಮಾಡಬೇಕು, ಎರಡು ಕೆಲಸದ ದಿನಗಳೊಳಗೆ ಬರೆದು ಕೊಡಬೇಕು. ಮಾಡದಿದ್ದರೆ ಅಪರಾಧ.

ಆ ಮಾತನ್ನು ನಾನು ಅವರಿಗೆ ಹೇಳಲಿಲ್ಲ. ಮರೆತೆ ಎಂದರೆ ಸುಳ್ಳು. ನನ್ನ ಕೈ ಹಿಡಿದು ಮಗಾ ಎಂದವರಿಗೆ, “ನೀವು ಹೇಳೋದನ್ನ ನಾನು ಸರ್ಕಾರಕ್ಕೆ ತಿಳಿಸಬೇಕಾಗಬಹುದು” ಎಂದು ಕನ್ನಡದಲ್ಲಿ ಹೇಗೆ ಹೇಳುವುದು? ಇಂಗ್ಲಿಷಿನಲ್ಲಿ ಅದು ಒಂದು ನಿಯಮ, ಕನ್ನಡದಲ್ಲಿ ಅದು ಬೆದರಿಕೆ. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ. ಮುಂದಿನ ವಾರ ಅವರು ನನಗೆಂದು ಚಕ್ಕುಲಿ ತಂದಿದ್ದರು. ಉಡುಗೊರೆ ಪಡೆಯಬಾರದು, ಗೊತ್ತು. ಚಕ್ಕುಲಿಯನ್ನು ಬೇಡ ಎನ್ನುವುದು ಹೇಗೆ? ತಿಂದೆ.

ಐದನೆಯ ವಾರ ಅವರು ಹೇಳಿದರು. ಪಾಸ್‌ಪೋರ್ಟು ಮಗನ ಹತ್ತಿರ. ಸತ್ತ ಗಂಡನ ಪೆನ್ಷನ್ ಬರುವ ಬ್ಯಾಂಕಿನ ಕಾರ್ಡೂ ಅವನ ಹತ್ತಿರವೇ. ಊರಿನ ತಂಗಿಗೆ ಫೋನು ಮಾಡಲು ಬಿಡುವುದಿಲ್ಲ. ವಾಪಸು ಕಳಿಸು ಎಂದು ಕೇಳಿದಾಗಲೆಲ್ಲ ಜಗಳ. ತೋಳು ಸರಿಸಿ ತೋರಿಸಿದರು, ಹಳದಿಗೆ ತಿರುಗುತ್ತಿದ್ದ ಗಾಯ. “ಅವ ದೂಡಿದ್ದಲ್ಲ, ನಾನೇ ಅಡ್ಡ ಹೋದೆ” ಎಂದರು. ಆಮೇಲೆ, “ಯಾರತ್ರನೂ ಹೇಳ್ಬೇಡ ಮಗಾ. ನಿನ್ನತ್ರ ಹೇಳ್ಕಂಡ್ರೆ ಸಮಾಧಾನ ಅಷ್ಟೆ” ಎಂದರು.

ಊಟದ ಹೊತ್ತಿಗೆ ಮೇಲ್ವಿಚಾರಕಿಯ ಕೋಣೆಗೆ ಹೋಗಿ ಹೇಳಿದೆ. ನಾವಿಬ್ಬರೂ ಕುಳಿತು ಫೋನು ಮಾಡಿದೆವು. ಇದರಲ್ಲಿ ನನಗೆ ಅಂದೂ ಇಂದೂ ಅನುಮಾನವಿಲ್ಲ. ಗಾಯ ಕಂಡ ಮೇಲೆ ಸುಮ್ಮನಿರುವುದು ಸಾಧ್ಯವಿರಲಿಲ್ಲ. ನನ್ನನ್ನು ತಿನ್ನುವುದು ಬೇರೆ.

ಅಧಿಕಾರಿ ಮನೆಗೆ ಹೋದದ್ದು, ಏನಾಯಿತು ಎಂಬುದು ವರದಿ ಕೊಟ್ಟವರಿಗೆ ತಿಳಿಸುವ ಪದ್ಧತಿಯಿಲ್ಲ. ಆ ಅಮ್ಮನೇ ಹೇಳಿದರು. ಮುಂದಿನ ವಾರ ಅವರು ಬಂದಾಗ ನಾನು ಹತ್ತಿರ ಹೋದೆ. ಕೈ ಹಿಡಿಯಲಿಲ್ಲ. “ಯಾರೋ ಹೆಂಗಸು ಬಂದಿದ್ಲು. ಫೋನಿನೊಳಗೆ ಒಬ್ಬ ಹುಡುಗ ಕನ್ನಡದಲ್ಲಿ ಕೇಳ್ತಿದ್ದ. ಅವನ ಮುಂದೆ ನನ್ನ ಮಗನ ಮಾನ ಕಳೀಲಾ? ಏನೂ ಇಲ್ಲ ಅಂದೆ” ಎಂದರು. ಬುದ್ಧಿ ಸ್ಥಿಮಿತದಲ್ಲಿರುವ ಹಿರಿಯರು ನೆರವು ಬೇಡ ಎಂದರೆ ಅದು ಅವರ ಹಕ್ಕು, ಬಲವಂತ ಮಾಡುವಂತಿಲ್ಲ. ಕೈಚೌಕ ಮಡಿಸುತ್ತ, ನನ್ನ ಕಡೆ ನೋಡದೆ, “ನೀನು ನಮ್ಮೋಳು ಅಂದ್ಕಂಡಿದ್ದೆ” ಎಂದರು. ಆಮೇಲೆ ಎರಡು ಸಲ ಬಂದರು, ಮಾತಾಡಲಿಲ್ಲ. ಮತ್ತೆ ಬರಲೇ ಇಲ್ಲ. ವಾರಕ್ಕೆ ಮೂರು ದಿನ ಆ ಮನೆಯಿಂದ ಹೊರಗೆ ಬರುತ್ತಿದ್ದ ಒಂದೇ ದಾರಿಯೂ ಮುಚ್ಚಿತು.

ವರದಿ ಮಾಡಿದ್ದು ತಪ್ಪಲ್ಲ, ಗುಟ್ಟನ್ನು ಪಡೆದ ರೀತಿ ತಪ್ಪು. ಅವರು ಬಾಯಿ ಬಿಟ್ಟದ್ದು ಕೇಂದ್ರದ ತರಬೇತಿಯವಳ ಮುಂದಲ್ಲ, ಮಗಳ ಮುಂದೆ. ಮಗಳಿಗೆ ಹೇಳಿದ್ದನ್ನು ತರಬೇತಿಯವಳು ಎತ್ತಿಕೊಂಡು ಹೋದಳು. ಮಾರಯ್ಯನ ಹೆಚ್ಚುವರಿ ಅಕ್ಕಿ ನನ್ನ ಮಡಿಲಲ್ಲಿತ್ತು. ಸಂಬಳ ಕರುಣೆಯನ್ನು ಕೆಡಿಸೀತು ಎಂದು ನಾನು ಕಾವಲು ಕಾಯುತ್ತಿದ್ದೆ. ಕೆಡುಕು ಬಂದದ್ದು ಆ ಬಾಗಿಲಿನಿಂದಲ್ಲ, ನಾನು ಒಳ್ಳೆಯದೆಂದು ತಿಳಿದಿದ್ದ ಬಾಗಿಲಿನಿಂದ. ಕೆಲಸದವಳಾಗಿಯೇ ಇದ್ದಿದ್ದರೆ ಮೊದಲ ದಿನವೇ ಆ ಕಹಿ ಮಾತು ಹೇಳಿಬಿಡುತ್ತಿದ್ದೆ.

ಹಾಗೆ ಹೇಳಿದ್ದರೆ ಅವರು ಬಾಯಿ ಬಿಡುತ್ತಲೇ ಇರಲಿಲ್ಲ, ಅದೂ ನಿಜ. ಆಗ ನನ್ನ ಆತ್ಮಸಾಕ್ಷಿ ಶುಭ್ರವಾಗಿರುತ್ತಿತ್ತು, ಅವರ ತೋಳಿನ ಗಾಯ ಸೆರಗಿನೊಳಗೇ ಮಾಗುತ್ತಿತ್ತು. ಮೋಸದಿಂದಲಾದರೂ ಒಬ್ಬರಿಗೆ ತಿಳಿಯಿತಲ್ಲ, ಅಧಿಕಾರಿ ಬಂದು ಹೋದ ಮೇಲೆ ಮಗ ಕೈ ಎತ್ತಲು ಅಂಜಬಹುದಲ್ಲ ಎಂದು ಕೆಲವು ರಾತ್ರಿ ಲೆಕ್ಕ ಹಾಕಿದ್ದೇನೆ. ಆ ಲೆಕ್ಕ ಯಾವತ್ತೂ ಕೂಡಿಲ್ಲ, ಏಕೆಂದರೆ ಅದರ ಒಂದು ಬದಿಯಲ್ಲಿ ನನ್ನ ಊಹೆಯಿದೆ, ಇನ್ನೊಂದು ಬದಿಯಲ್ಲಿ ಅವರು ನನ್ನ ಕಡೆ ನೋಡದೆ ಮಡಿಸಿದ ಕೈಚೌಕವಿದೆ.

ಅಕ್ಕನಿಗೆ ಎಲ್ಲ ಹೇಳಿಕೊಂಡೆ. “ಸರ್ಕಾರದೋರನ್ನ ಯಾಕೆ ಕಳಿಸ್ದೆ? ನೀನೇ ಅವ್ರ ಮನೆಗೆ ಹೋಗಿ, ಆ ಹುಡುಗನ್ನ ಕೂರಿಸ್ಕೊಂಡು ಮಾತಾಡ್ಬೇಕಿತ್ತು. ನಮ್ಮೂರಲ್ಲಾಗಿದ್ರೆ ನಾನು ಹಾಗೇ ಮಾಡ್ತಿದ್ದೆ” ಎಂದಳು. ಇಲ್ಲಿ ಹಾಗೆ ಹೋಗುವಂತಿಲ್ಲ ಎಂದೆ. ಅಂಥದ್ದೂ ಒಂದು ಊರಾ ಎಂದಳು. ಅವಳ ಮಾತಿನಲ್ಲಿ ಸತ್ಯವಿದೆ ಎಂದುಕೊಂಡು ಸುಮ್ಮನಿದ್ದೆ. ಫೋನು ಇಡುವ ಹೊತ್ತಿಗೆ ಅವಳೇ ಮತ್ತೆ ಶುರುಮಾಡಿದಳು. ಕೆಲವು ವರ್ಷದ ಹಿಂದೆ ಬೀದಿಯ ಕೊನೆಯ ಮನೆಯಲ್ಲಿ ಹದಿನಾರರ ಹುಡುಗಿಗೆ ಮದುವೆ ಗೊತ್ತಾಗಿತ್ತು. ಅಂಗನವಾಡಿಯಲ್ಲಿ ಅಕ್ಕನ ಕೈಯಲ್ಲೇ ಅ ಆ ಇ ಈ ತಿದ್ದಿದವಳು. ಹುಡುಗಿ ಬಂದು, “ಅತ್ತೆ, ನಂಗಿಷ್ಟ ಇಲ್ಲ” ಎಂದಿದ್ದಳಂತೆ. ಒಂದು ಫೋನು ಮಾಡಿದ್ದರೆ ನಿಲ್ಲುತ್ತಿತ್ತು. “ಅವ್ರು ನಮ್ಮೋರೇ ಕಣೆ. ಅವ್ರಪ್ಪನ್ನ ನಾನು ಅಣ್ಣ ಅಂತೀನಿ. ಹೆಂಗ್ ಫೋನ್ ಮಾಡ್ಲಿ?” ಮದುವೆಗೆ ಹೋಗಿ ಸೀರೆ ಕೊಟ್ಟು, ಉಂಡು ಬಂದಳಂತೆ. ಇದನ್ನು ಅವಳು ಇದುವರೆಗೆ ನನಗೆ ಹೇಳಿರಲಿಲ್ಲ. ನಾನು ಬುದ್ಧಿ ಹೇಳದೆ, ನನ್ನ ಕತೆ ತರದೆ, ಎಲ್ಲ ಸರಿಹೋಗುತ್ತೆ ಎನ್ನದೆ ಕೇಳಿಸಿಕೊಂಡೆ. ಇಪ್ಪತ್ತು ನಿಮಿಷವಾಗಿರಬಹುದು.

ಕೋರ್ಸು ಮುಗಿದು ಈಗ ಇನ್ನೊಂದು ಹಗಲು ಕೇಂದ್ರದಲ್ಲಿ ಕೆಲಸಕ್ಕಿದ್ದೇನೆ. ಗಂಟೆಗಿಷ್ಟು ಎಂದು ಸಂಬಳ, ಸಂಕೋಚವಿಲ್ಲದೆ ತೆಗೆದುಕೊಳ್ಳುತ್ತೇನೆ. ಆ ಕಹಿ ಮಾತನ್ನು ಕನ್ನಡದಲ್ಲಿ ಬರೆದು, ಹೊಡೆದು, ಮತ್ತೆ ಬರೆದು ಇಟ್ಟುಕೊಂಡಿದ್ದೇನೆ. “ನಾನು ಇಲ್ಲಿ ಕೆಲಸ ಮಾಡೋಳು. ನೀವು ಹೇಳಿದ್ದು ನನ್ನ ಹತ್ರ ಇರುತ್ತೆ. ಆದ್ರೆ ನಿಮಗೆ ಯಾರಾದ್ರೂ ನೋವು ಮಾಡ್ತಿದ್ದಾರೆ ಅಂತ ಗೊತ್ತಾದ್ರೆ ಅದನ್ನ ನಾನು ಮೇಲಿನೋರಿಗೆ ಹೇಳ್ಲೇಬೇಕು. ಇದು ನಿಮಗೆ ಮೊದ್ಲೇ ಗೊತ್ತಿರ್ಲಿ.” ಇದಕ್ಕಿಂತ ಮೆತ್ತಗೆ ಮಾಡಲು ನೋಡಿದೆ. ಮೆತ್ತಗಾದಷ್ಟೂ ಸುಳ್ಳಾಗುತ್ತ ಹೋಯಿತು.

ಹೋದ ತಿಂಗಳು ಹಾಸನದ ಕಡೆಯ ಯಜಮಾನರೊಬ್ಬರು ಸೇರಿದರು. ಕುರ್ಚಿ ಎಳೆದುಕೊಂಡು ಕುಳಿತು, ನಮಸ್ಕಾರ ಹೇಳಿ, ಸರ್ ಎಂದು ಕರೆದು, ಇಷ್ಟನ್ನೂ ಹೇಳಿದೆ. ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಹಾಗಾದ್ರೆ ಮಳೆ ಬೆಳೆ ಮಾತಾಡಣ ಕಣಮ್ಮ” ಎಂದರು. ನಾಲ್ಕು ವಾರದಿಂದ ಮಳೆ ಬೆಳೆ ಮಾತಾಡುತ್ತಿದ್ದೇವೆ. ಸಕಲೇಶಪುರದ ಕಾಫಿ, ಹೇಮಾವತಿಯ ನೀರು, ಆಲೂಗಡ್ಡೆಯ ರೇಟು. ಮೊನ್ನೆ ಮಧ್ಯದಲ್ಲಿ ಒಮ್ಮೆ ಮಾತು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ನಾನು ಕಾಯ್ದೆ. “ಈ ಸಲ ಮುಂಗಾರು ತಡ ಅಂತೆ” ಎಂದರು.